ಗಂಟಲು ಕಟ್ಟಿದ್ದು, ಚಾವಣಿ ಉದುರಿದ್ದು: ಮಂಡ್ಯದ ಶಿಕ್ಷಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ:

ಡಾಕ್ಟ್ರೇ, ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 41, ಸರ್ವಿಸ್ 14 ವರ್ಷ. ನಾಲ್ಕು ತಿಂಗಳಿಂದ ದನಿ ಒಡೆದಿದೆ. ಸೋಮವಾರ ಪರವಾಗಿಲ್ಲ ಅನ್ನಿಸುತ್ತದೆ, ಗುರುವಾರದ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿಕೊಳ್ಳುತ್ತದೆ. ಚಾಕ್‌ಪೀಸ್ ಧೂಳಿನಿಂದ ಟಿಬಿ ಬರುತ್ತದೆ ಅಂತ ನಮ್ಮತ್ತೆ ಹೆದರಿಸುತ್ತಿದ್ದಾರೆ. ಇನ್ನೊಂದು ವಿಷಯ. ಜೂನ್‌ನಲ್ಲಿ ಒಂದು ಭಾನುವಾರ ಐದನೇ ಕ್ಲಾಸಿನ ಚಾವಣಿಯ ಸಿಮೆಂಟ್ ಚಕ್ಕೆ ಬೆಂಚಿನ ಮೇಲೆ ಉದುರಿತ್ತು. ಸೋಮವಾರ ಬಂದು ಗುಡಿಸಿ ಅಲ್ಲೇ ಪಾಠ ಮಾಡಿದೆವು. ಬಿಸಿಯೂಟದ ಅಡುಗೆಮನೆಗೆ ಹಳೇ ಸಿಮೆಂಟ್ ಶೀಟು, ಸಿಲಿಂಡರ್ ಒಳಗೇ ಇದೆ. ಆ ಶೀಟು ಒಡೆದು ಹಾಕಿ ಹೊಸದು ಹಾಕಿಸುತ್ತೇವೆ ಅಂತ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಹೇಳುತ್ತಿದ್ದಾರೆ. ಕ್ಲಸ್ಟರ್ ಮೀಟಿಂಗ್‌ನಲ್ಲಿ, ನಮಗೆ ಇಂಥದ್ದರ ಬಗ್ಗೆ ಏನಾದರೂ ತರಬೇತಿ ಇದೆಯಾ ಅಂತ ಕೇಳಿದೆ. "ಮಕ್ಕಳ ಸುರಕ್ಷತೆ ತರಬೇತಿ ಆಯ್ತಲ್ಲ ಮೇಡಂ, ನಿಮಗೇನಾಗುತ್ತೆ?" ಅಂದರು. ಬರೆದು ಕೊಡೋಣ ಅಂದರೆ ಎಚ್‌ಎಂ ಬೇಡ ಅನ್ನುತ್ತಾರೆ, ನಮ್ಮ ತಲೆ ಮೇಲೇ ಬರುತ್ತೆ ಅಂತ. ನನಗೆ ಟಿಬಿ ಇರಬಹುದಾ? ಆ ಕೋಣೆಯಲ್ಲಿ ಕೂರಬಹುದಾ? ಶೀಟು ತೆಗೆಸುವುದು ಸರಿಯಾ? ಯಾರಿಗೆ ಹೇಳಬೇಕು? (ನಮಗೂ ಮಕ್ಕಳಿಗೂ ಒಂದೇ ಟಾಯ್ಲೆಟ್, ಚಿಲಕ ಇಲ್ಲ. ಅದಕ್ಕೆ ಬೆಳಿಗ್ಗೆ ಬಸ್ ಹತ್ತಿದ ಮೇಲೆ ಸಂಜೆ ಮನೆಗೆ ಬರುವವರೆಗೆ ನಾನು ನೀರು ಕುಡಿಯುವುದಿಲ್ಲ. ಈ ವರ್ಷ ಎರಡು ಸಲ ಉರಿಮೂತ್ರ ಆಯಿತು. ಅದು ಬೇರೆ ವಿಷಯ ಬಿಡಿ.)

ಉತ್ತರ:

ಮೇಡಂ, ಮೊದಲು ಆ ಆವರಣದೊಳಗಿನ ಮಾತಿನಿಂದಲೇ ಶುರು ಮಾಡುತ್ತೇನೆ. ಅದು ಬೇರೆ ವಿಷಯ ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೇ ಅದು.

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಅದರ ಹಿಂದೆ ಇರುವ ಅನುಮಾನ ಒಂದೇ: ಇದು ನನ್ನ ಮೈಯ ದೋಷವೋ, ಕೆಲಸದ ಜಾಗದ ದೋಷವೋ? ಬಹುಪಾಲು ಕೆಲಸದ ಜಾಗದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ, ಐದಾರು ಪೀರಿಯಡ್ ಗಂಟಲು ಹರಿದುಕೊಂಡು ಮಾತಾಡಿದರೆ ಯಾರ ದನಿಯಾದರೂ ಒಡೆಯುತ್ತದೆ. ನೀರು ಕುಡಿಯದಿರುವುದು ನಿಮ್ಮ ಕೆಟ್ಟ ಅಭ್ಯಾಸ ಅಲ್ಲ. ಬಾಗಿಲಿಗೆ ಚಿಲಕ ಇಲ್ಲ, ಅದಕ್ಕೆ ಕುಡಿಯುತ್ತಿಲ್ಲ. ಗಂಟಲು, ಉರಿಮೂತ್ರ, ಚಿಲಕ, ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ.

ನಾನು ನಂಜನಗೂಡಿನ ಕಡೆ ಒಂದು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ 11 ವರ್ಷ ಇದ್ದೆ. ಈಗ ಮೈಸೂರಿನಲ್ಲಿ ಕ್ಲಿನಿಕ್ ಇದೆ. ಕಾರ್ಖಾನೆಯಲ್ಲಿ ಬೆರಳಿಗೆ ಗೀರು ಬಿದ್ದರೂ ರಿಜಿಸ್ಟರಿನಲ್ಲಿ ಎಂಟ್ರಿ ಆಗುತ್ತಿತ್ತು. ಯಾವ ಮೆಷಿನ್, ಎಷ್ಟು ಹೊತ್ತಿಗೆ, ಮೆಷಿನ್ನಿಗೆ ರಕ್ಷಣೆಯ ಗಾರ್ಡ್ ಇತ್ತಾ ಇಲ್ಲವಾ, ಎಲ್ಲ ಬರೆಯುತ್ತಿದ್ದೆವು. ಕ್ಲಿನಿಕ್‌ಗೆ ಬರುವ ಶಿಕ್ಷಕರನ್ನು ಕೆಲಸದಿಂದ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರೆ, ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಮಾತಾಡುವ ದನಿ ಬಿದ್ದುಹೋಗಿರುತ್ತದೆ, ಕಾಲಿನ ನರ ಉಬ್ಬಿರುತ್ತದೆ, ಆದರೂ "ನಮ್ಮದೇನು ಕಷ್ಟದ ಕೆಲಸ ಅಲ್ಲ ಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಮಕ್ಕಳಿಗೆ ಏನಾಗಬಹುದು ಅಂತ ಯೋಚಿಸುವುದು ರೂಢಿಯಾಗಿದೆ. ತಾವೂ ಅದೇ ಚಾವಣಿಯ ಕೆಳಗೆ ದುಡಿಯುತ್ತಿದ್ದೇವೆ ಅನ್ನುವುದು ತಲೆಗೆ ಬರುವುದಿಲ್ಲ.

ಈಗ ಟಿಬಿ. ನಿಮ್ಮತ್ತೆಯವರ ಹೆದರಿಕೆಗೆ ಕಾರಣ ಇದೆ. ಅವರ ಕಾಲದಲ್ಲಿ ಕೆಮ್ಮು, ಧೂಳು, ಕ್ಷಯ ಎಲ್ಲ ಒಟ್ಟಿಗೇ ಕೇಳಿಬರುತ್ತಿದ್ದ ಮಾತು. ಆದರೆ ಟಿಬಿ ಬರುವುದು ರೋಗಾಣುವಿನಿಂದ. ಟಿಬಿ ಇರುವವರು ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ಚಾಕ್‌ಪೀಸ್ ಧೂಳಿನಿಂದ ಹುಟ್ಟುವುದಿಲ್ಲ. ಈಗಿನ ಚಾಕ್‌ಪೀಸ್ ಬಹುತೇಕ ಜಿಪ್ಸಮ್ ಅಥವಾ ಸುಣ್ಣದ ಪುಡಿಯ ಜಾತಿಯದು. ಕಲ್ಲು ಒಡೆಯುವವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುತ್ತದಲ್ಲ, ಅದನ್ನು ತರುವ ಸಿಲಿಕಾ ಧೂಳೇ ಬೇರೆ. ಹಾಗಂತ ಚಾಕ್ ಧೂಳು ಏನೂ ಮಾಡುವುದಿಲ್ಲ ಅಂತಲೂ ಅಲ್ಲ. ಮೂಗು ಕಟ್ಟುತ್ತದೆ, ಗಂಟಲು ಕೆರೆಯುತ್ತದೆ, ಅಸ್ತಮಾ ಇದ್ದವರಿಗೆ ಉಬ್ಬಸ ಜಾಸ್ತಿ ಆಗುತ್ತದೆ. ಕೆರೆತಕ್ಕೆ ಪದೇ ಪದೇ ಕ್ಯಾಕರಿಸುತ್ತೀರಿ, ಆ ಕ್ಯಾಕರಿಕೆಯೇ ಗಂಟಲಿಗೆ ಪೆಟ್ಟು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಡಸ್ಟರನ್ನು ಮಕ್ಕಳು ಗೋಡೆಗೆ ಬಡಿದು ಧೂಳು ಎಬ್ಬಿಸುತ್ತಾರಲ್ಲ, ಅದನ್ನು ನಿಲ್ಲಿಸಿ. ಧೂಳಿನ ವಿಷಯದಲ್ಲಿ ಇಷ್ಟು ಸಾಕು.

ಟಿಬಿ ಅನುಮಾನ ಯಾವಾಗ ಪಡಬೇಕು? ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ. ಇದರಲ್ಲಿ ಯಾವುದಿದ್ದರೂ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ದುಡ್ಡು ಕೊಡಬೇಕಿಲ್ಲ. ನೀವು ಬರೆದಿರುವುದರಲ್ಲಿ ಅಂಥ ಲಕ್ಷಣ ಒಂದೂ ಇಲ್ಲ.

ನಿಮ್ಮ ಪತ್ರದಲ್ಲಿ ಇರುವುದು ಬೇರೆ ಲಕ್ಷಣ. ಸೋಮವಾರ ವಾಸಿ, ಗುರುವಾರ ಕಟ್ಟುತ್ತದೆ ಅಂದಿರಿ. ನಮ್ಮಂಥ ಡಾಕ್ಟರುಗಳು ಕೇಳುವ ಮೊದಲ ಪ್ರಶ್ನೆಯೇ ಅದು: ರಜೆ ಬಂದರೆ ಕಡಿಮೆ ಆಗುತ್ತದಾ? ಹಿಂದೆ ಹತ್ತಿ ಗಿರಣಿಗಳ ಕೆಲಸಗಾರರಿಗೆ ಭಾನುವಾರದ ರಜೆ ಮುಗಿಸಿ ಬಂದ ಸೋಮವಾರವೇ ಎದೆ ಬಿಗಿಯುತ್ತಿತ್ತು. ಅದಕ್ಕೆ ಸೋಮವಾರದ ಕಾಯಿಲೆ ಅಂತಲೇ ಹೆಸರಿತ್ತು. ನಿಮ್ಮದು ವಾರ ಕಳೆದಂತೆ ಏರುತ್ತದೆ. ಎರಡೂ ಕಡೆ, ಕಾರಣ ಎಲ್ಲಿದೆ ಅಂತ ವಾರದ ದಿನಗಳೇ ತೋರಿಸುತ್ತವೆ. ದಸರಾ ರಜೆಯಲ್ಲಿ ನಿಮ್ಮ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಗಂಟಲಿನಲ್ಲಿ ದನಿಯ ಎರಡು ಪಟ್ಟಿಗಳಿವೆ. ಮಾತಾಡುವಾಗ ಅವು ಒಂದಕ್ಕೊಂದು ಬಡಿಯುತ್ತವೆ. ಹೆಂಗಸರ ದನಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ. ದಿನದಲ್ಲಿ ನಿಮ್ಮ ಬಾಯಿಂದ ದನಿ ಹೊರಟ ಹೊತ್ತನ್ನೆಲ್ಲ ಕೂಡಿ ಬರೀ ಒಂದು ಗಂಟೆ ಅಂತ ಇಟ್ಟುಕೊಂಡರೂ 7 ಲಕ್ಷ ಸಲ. ಸಾಲದ್ದಕ್ಕೆ ಪಕ್ಕದ ಕ್ಲಾಸಿನ ಗಲಾಟೆ ಏರಿದಂತೆ ನಮಗೆ ಗೊತ್ತಿಲ್ಲದೆಯೇ ನಮ್ಮ ದನಿಯೂ ಏರುತ್ತದೆ. ಜೋರಾದಷ್ಟೂ ಬಡಿತ ಗಟ್ಟಿ. ಕಬ್ಬು ಕಡಿಯುವವರ ಅಂಗೈ ಜಡ್ಡು ಕಟ್ಟುತ್ತದಲ್ಲ, ಹಾಗೇ ಆ ಪಟ್ಟಿಯ ಅಂಚಿನಲ್ಲೂ ಜಡ್ಡು ಕಟ್ಟುತ್ತದೆ. ಗಂಟಲಿಗೆ ಕ್ಯಾಮೆರಾ ಹಾಕಿ ಪರದೆ ಮೇಲೆ ನೋಡಿದರೆ ಎರಡು ಪಟ್ಟಿಗಳಲ್ಲೂ ಎದುರುಬದುರು ರಾಗಿ ಕಾಳಿನಂಥ ಎರಡು ಬಿಳಿ ಚುಕ್ಕೆ. ಡಾಕ್ಟರು ಅದನ್ನು "ಗಂಟು" ಅನ್ನುತ್ತಾರೆ. ಗಂಟು ಅಂದ ಕೂಡಲೇ ಕ್ಯಾನ್ಸರ್ ಅಂತ ಕಂಗಾಲಾಗಬೇಡಿ. ಇದು ಅದಲ್ಲ.

ಆದರೆ ನಿಮ್ಮದು ಇದೇ ಅಂತ ಪತ್ರ ಓದಿ ಹೇಳಲು ಬರುವುದಿಲ್ಲ. ಹೊಟ್ಟೆಯ ಹುಳಿ ಮೇಲೆ ಬಂದರೂ, ಥೈರಾಯಿಡ್ ಏರುಪೇರಾದರೂ ದನಿ ಒಡೆಯುತ್ತದೆ. ಅಪರೂಪಕ್ಕೆ ಗಂಟಲಿನ ಟಿಬಿ ಅಥವಾ ಗೆಡ್ಡೆಯೂ ಇರಬಹುದು. ದನಿ ಒಡೆದು ಮೂರು ವಾರ ದಾಟಿತು ಅಂದರೆ ಇಎನ್‌ಟಿ ಡಾಕ್ಟರು ಒಳಗೆ ನೋಡಲೇಬೇಕು. ನಿಮಗೆ ನಾಲ್ಕು ತಿಂಗಳಾಗಿದೆ. ಇನ್ನು ಕಾಯಬೇಡಿ. ಸಣ್ಣ ಕ್ಯಾಮೆರಾ ಹಾಕಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಮಂಡ್ಯದ ಮಿಮ್ಸ್‌ನಲ್ಲಿ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ತೋರಿಸಬಹುದು, ಮೈಸೂರಿನ ಕೆ.ಆರ್. ಆಸ್ಪತ್ರೆಗೂ ಬರಬಹುದು. ಆದರೆ ದನಿಯ ಮಟ್ಟಿಗೆ ನಮ್ಮ ಕಡೆಯವರಿಗೆ ಒಂದು ಭಾಗ್ಯ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ. ಮಂಡ್ಯದಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಎಷ್ಟೋ ಶಿಕ್ಷಕರಿಗೆ, ಅದು ಕಿವಿ ಕೇಳದವರಿಗೆ ಮಾತ್ರ ಅಲ್ಲ, ತಮ್ಮ ದನಿಗೂ ಅಲ್ಲಿ ಚಿಕಿತ್ಸೆ ಇದೆ ಅನ್ನುವುದು ಗೊತ್ತಿಲ್ಲ. ನನಗೆ ಇದರ ಬಗ್ಗೆ ನಿಜವಾಗಿ ಬೇಜಾರಿದೆ.

ಜಡ್ಡು ಅಂತಲೇ ಗೊತ್ತಾದರೆ ಮೊದಲ ಮದ್ದು ದನಿಯ ವ್ಯಾಯಾಮ. ವಾರಕ್ಕೊಮ್ಮೆ ಹೋಗಿ ಕಲಿಯಬೇಕು, ದಿನವೂ ಮನೆಯಲ್ಲಿ ಮಾಡಬೇಕು. ಇದರಲ್ಲಿ ಅಪಾಯ ಇಲ್ಲ, ತಾಳ್ಮೆ ಬೇಕು. ಆಪರೇಷನ್ ಕೊನೆಯ ದಾರಿ. ಆಪರೇಷನ್ ಮಾಡಿಸಿಕೊಂಡು ಅದೇ ಕ್ಲಾಸಿಗೆ ಹೋಗಿ ಅದೇ ರೀತಿ ಕೂಗಿದರೆ ಮತ್ತೆ ಬರುತ್ತದೆ. ಇನ್ನೊಂದು ದಾರಿ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕು. ಎರಡು ಸಾವಿರದೊಳಗೆ ಸಿಗುತ್ತದೆ. ಗಂಟಲಿಗೆ ನಿಜಕ್ಕೂ ಆರಾಮ. ತೊಂದರೆ ಏನೆಂದರೆ, ಪಕ್ಕದ ಕ್ಲಾಸಿನವರಿಗೆ ನಿಮ್ಮ ಮೈಕೇ ಗಲಾಟೆ ಆಗಬಹುದು. ಸೌಂಡ್ ಕಡಿಮೆ ಇಟ್ಟು, ಮೊದಲೇ ಅವರಿಗೊಂದು ಮಾತು ಹೇಳಿ ಬಳಸಿ.

ಏಲಕ್ಕಿ, ಲವಂಗ, ಜೇನುತುಪ್ಪ ಬೇಡ ಅನ್ನುವುದಿಲ್ಲ. ಬಾಯಿಗೆ ಹಿತ, ಅಷ್ಟೇ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ದನಿಯ ಪಟ್ಟಿ ಇರುವುದು ಗಾಳಿಯ ದಾರಿಯಲ್ಲಿ. ನೀರು ಕೂಡ ಆ ಪಟ್ಟಿಯನ್ನು ನೇರವಾಗಿ ಮುಟ್ಟುವುದಿಲ್ಲ. ಮೈಗೆ ನೀರು ಸಾಕಷ್ಟಿದ್ದರೆ ಮಾತ್ರ ಅದು ಒಳಗಿನಿಂದ ಒದ್ದೆಯಾಗಿರುತ್ತದೆ. ಅದಕ್ಕೇ ಗಂಟಲು ಒಣಗಿದ ಮೇಲೆ ಒಂದು ಗುಟುಕು ಕುಡಿಯುವುದಕ್ಕಿಂತ, ಬೆಳಿಗ್ಗೆಯಿಂದಲೇ ಸ್ವಲ್ಪ ಸ್ವಲ್ಪ ಕುಡಿಯುವುದು ಮುಖ್ಯ. ಬಿಸಿನೀರಿನ ಹಬೆ ತೆಗೆದುಕೊಂಡರೆ ನೇರವಾಗಿ ತಲುಪುತ್ತದೆ. ಮತ್ತೆ, ದನಿಗೆ ರೆಸ್ಟ್ ಅಂತ ಪಿಸುಗುಟ್ಟಬೇಡಿ. ಪಿಸುಗುಟ್ಟುವುದು ರೆಸ್ಟ್ ಅಲ್ಲ. ಸುಮ್ನೆ ಇರುವುದೇ ರೆಸ್ಟ್.

ಕ್ಲಾಸಿನಲ್ಲಿ ಇಷ್ಟು ಮಾಡಿ ನೋಡಿ. ಬೋರ್ಡ್ ಕಡೆ ಮುಖ ಮಾಡಿಕೊಂಡು ಬರೆಯುತ್ತಾ ಮಾತಾಡಬೇಡಿ. ದನಿ ಗೋಡೆಗೆ ಹೋಗುತ್ತದೆ, ಅದಕ್ಕೆ ನೀವು ಇನ್ನೂ ಕೂಗುತ್ತೀರಿ. ಮೈದಾನದಲ್ಲಿ ಸೀಟಿ ಬಳಸಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ, ಅದನ್ನು ಗಂಟಲಿನಿಂದ ತುಂಬಿಸಲು ಹೋಗಬೇಡಿ. ಮಕ್ಕಳನ್ನು ಸುಮ್ಮನಾಗಿಸಲು ಮೂರು ಚಪ್ಪಾಳೆ ಸಾಕು. ನಮ್ಮ ಎಚ್.ಡಿ. ಕೋಟೆಯಲ್ಲೇ 1995ರಲ್ಲಿ ಹುಟ್ಟಿದ, ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಮಕ್ಕಳ ಗುಂಪಿನ ಪಕ್ಕ ಕೂತು ಮಾತಾಡುತ್ತಾರಲ್ಲ, ಗಂಟಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ದೊಡ್ಡ ಕ್ಲಾಸುಗಳಿಗೂ ದಿನಕ್ಕೆ ಎರಡು ಪೀರಿಯಡ್ ಹಾಗೆ ಮಾಡಬಹುದು, ಅಲ್ವಾ?

ಉರಿಮೂತ್ರ ವರ್ಷಕ್ಕೆ ಎರಡು ಸಲ ಬಂದಿದೆ ಅಂದರೆ ಮೂರನೇ ಸಲಕ್ಕೆ ಹಳೇ ಚೀಟಿಯ ಮಾತ್ರೆ ನುಂಗಬೇಡಿ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಎರಡೂ ಆಗಲಿ. ಜ್ವರ, ಚಳಿ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನು ಚಿಲಕ. ಒಂದು ಚಿಲಕ ನೂರು ರೂಪಾಯಿ ಮೇಡಂ. ಶಾಲಾ ಅನುದಾನಕ್ಕೆ ಕಾಯದೆ ಇದೇ ವಾರ ಹಾಕಿಸಿ. ಹಾಕಿಸುವುದಷ್ಟೇ ಅಲ್ಲ, ಬರೆದೂ ಇಡಿ. ಬರೆಯುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಾವಣಿ. ಇಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸೋಮವಾರ ಗುಡಿಸಿ ಅಲ್ಲೇ ಪಾಠ ಮಾಡಿದಿರಲ್ಲ, ಅದು ತಪ್ಪಾಯಿತು. ಕಾರ್ಖಾನೆಯಲ್ಲಿ ಇಂಥದ್ದಕ್ಕೆ "ಸ್ವಲ್ಪದರಲ್ಲಿ ತಪ್ಪಿದ್ದು" ಅನ್ನುತ್ತಿದ್ದೆವು. ಯಾರಿಗೂ ಪೆಟ್ಟಾಗಿಲ್ಲ ಅಂತ ಅದನ್ನು ಮರೆಯುವಂತಿಲ್ಲ. ಪೆಟ್ಟಾದ ಅಪಘಾತದಷ್ಟೇ ಗಂಭೀರವಾಗಿ ಬರೆದು, ಕಾರಣ ಹುಡುಕಬೇಕಿತ್ತು. ಭಾನುವಾರ ಬಿದ್ದದ್ದು ಬುಧವಾರವೂ ಬೀಳಬಹುದಿತ್ತು.

ಚಕ್ಕೆ ಯಾಕೆ ಉದುರುತ್ತದೆ? ಹೆಚ್ಚಿನವರು ಕಂಟ್ರಾಕ್ಟರ್ ಕಳಪೆ ಸಿಮೆಂಟ್ ಹಾಕಿದ ಅನ್ನುತ್ತಾರೆ. ಇರಬಹುದು. ಆದರೆ ಕೆಲಸ ಮಾಡುವುದು ಕಬ್ಬಿಣ. ತಾರಸಿಯ ಮೇಲೆ ನೀರು ನಿಂತು ಒಳಗೆ ಇಳಿಯುತ್ತದೆ, ಕಾಂಕ್ರೀಟಿನ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಮೂರು ಪಟ್ಟು, ಇನ್ನೂ ಜಾಸ್ತಿ ಜಾಗ ಬೇಡುತ್ತದೆ. ಹಾಗೆ ಊದಿಕೊಂಡು ಕೆಳಗಿನ ಸಿಮೆಂಟನ್ನು ತಳ್ಳುತ್ತದೆ. ಬೀಳುವ ಮೊದಲು ಗುರುತು ಕೊಡುತ್ತದೆ: ಕಂದು ಬಣ್ಣದ ಕಲೆ, ಕಂಬಿಯ ಉದ್ದಕ್ಕೂ ನೇರ ಬಿರುಕು, ಉಬ್ಬಿದ ಜಾಗ. ಕೆ.ಆರ್. ಪೇಟೆ ಕಡೆ ಒಂದು ಶಾಲೆಗೆ ಆರೋಗ್ಯ ತಪಾಸಣೆಗೆ ಹೋಗಿದ್ದಾಗ ಅಲ್ಲಿನ ಮೇಸ್ತ್ರಿಯೊಬ್ಬರು ಉದ್ದನೆಯ ಬಿದಿರಿನ ಗಳ ತಂದು, ಪಕ್ಕದ ಬಾಗಿಲಲ್ಲಿ ನಿಂತು ಚಾವಣಿಗೆ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಣ್ ಟಣ್. ಮೂಲೆಗೆ ಬಂದಾಗ ಡಬ್ ಡಬ್, ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ. ಮೂರನೇ ಸಲ ತಟ್ಟಿದಾಗ ಮೊರದಗಲದ ಚಕ್ಕೆ ಬಿತ್ತು. ಕೆಳಗೆ ಎರಡನೇ ಕ್ಲಾಸಿನ ಚಾಪೆ ಹಾಸಿತ್ತು. ಮಕ್ಕಳು ಹೊರಗೆ ಊಟಕ್ಕೆ ಹೋಗಿದ್ದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಿಮ್ಮ ಮುಂದೆ ಮೂರು ದಾರಿ ಇವೆ. ಸಡಿಲ ಚಕ್ಕೆ ಕೆಡವಿಸಿ ಮೇಲೆ ಸಿಮೆಂಟ್ ಬಳಿಸುವುದು ಸುಲಭ, ಅಗ್ಗ. ಆದರೆ ತುಕ್ಕು ಒಳಗೇ ಇರುತ್ತದೆ, ಗುರುತು ಮಾತ್ರ ಮುಚ್ಚಿಹೋಗುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ರಿಪೇರಿ. ಎರಡನೆಯದು, ಕೋಣೆಗೆ ಬೀಗ ಹಾಕಿ ಮಕ್ಕಳನ್ನು ಬೇರೆ ಕಡೆ ಕೂರಿಸುವುದು. ಒಂದೇ ಕೋಣೆಯಲ್ಲಿ ಎರಡು ಕ್ಲಾಸು ಕೂತರೆ ಗಲಾಟೆ ಏರುತ್ತದೆ, ನಿಮ್ಮ ಗಂಟಲಿಗೆ ಇನ್ನಷ್ಟು ಕಷ್ಟ. ಅದು ಗೊತ್ತಿದ್ದೂ ನಾನು ಹೇಳುವುದು ಇದನ್ನೇ. ಗಂಟಲು ವಾಸಿಯಾಗುತ್ತದೆ, ತಲೆ ಒಡೆದರೆ ಆಗುವುದಿಲ್ಲ. ಮೂರನೆಯದು, ಇಂಜಿನಿಯರ್ ಬಂದು ನೋಡಿ ರಿಪೇರಿಯೋ ಕೆಡವುವುದೋ ಅಂತ ಬರೆದುಕೊಡುವುದು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಹಾಗಾಗಿ ಎರಡನೆಯದನ್ನು ಇವತ್ತೇ ಮಾಡಿ, ಮೂರನೆಯದಕ್ಕೆ ಅರ್ಜಿ ಹಾಕಿ. ಉಳಿದ ಕೋಣೆಗಳಲ್ಲಿ ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ತಿಂಗಳು ಬಿಟ್ಟು ನೋಡಿ, ಬಿರುಕು ಗೆರೆ ದಾಟಿದೆಯಾ ಅಂತ. ಫ್ಯಾನಿನ ಕೊಕ್ಕೆಯನ್ನೂ ನೋಡಿ, ಅದೂ ಅದೇ ಕಬ್ಬಿಣ. ಗಳ ಹಿಡಿದು ತಟ್ಟುವ ಕೆಲಸ ಮೇಸ್ತ್ರಿಗೆ ಬಿಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಅಡುಗೆಮನೆಯ ಶೀಟಿನ ವಿಷಯದಲ್ಲಿ ನಿಮ್ಮ ಎಸ್‌ಡಿಎಂಸಿಯವರ ಉದ್ದೇಶ ಒಳ್ಳೆಯದು, ದಾರಿ ಅಪಾಯದ್ದು. ಹಳೇ ಸಿಮೆಂಟ್ ಶೀಟು ಅಂದರೆ ಅದರಲ್ಲಿ ಆಸ್‌ಬೆಸ್ಟಾಸ್ ಇದೆ ಅಂತಲೇ ತಿಳಿದುಕೊಂಡು ನಡೆಯಬೇಕು. ಗಟ್ಟಿಯಾಗಿ ಕೂತಿರುವ ಶೀಟಿನ ಕೆಳಗೆ ಅಡುಗೆ ಮಾಡಿದರೆ ಅಪಾಯ ಕಡಿಮೆ. ಅದನ್ನು ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತವೆ. ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಬೇಕು, ಹಾಗಾಗಿ ಯಾರೂ ಶೀಟು ಒಡೆದ ದಿನಕ್ಕೂ ಕಾಯಿಲೆಗೂ ಸಂಬಂಧ ಹಾಕುವುದಿಲ್ಲ. ತೆಗೆಯಲೇಬೇಕಾದರೆ ಸುತ್ತಿಗೆ ಮುಟ್ಟಬೇಡಿ. ಚೆನ್ನಾಗಿ ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು. ಕೆಲಸದವರಿಗೆ ಬರೀ ಟವೆಲ್ ಸಾಲದು, ಸರಿಯಾದ ಮಾಸ್ಕ್ ಬೇಕು. ಒಣ ಪೊರಕೆಯಲ್ಲಿ ಗುಡಿಸಬಾರದು. ಮಕ್ಕಳು ಇರಲೇಬಾರದು. ಒಡೆದ ಚೂರುಗಳನ್ನು ಶಾಲೆ ಅಂಗಳದ ಗುಂಡಿಗೆ ತುಂಬುವ ಅಭ್ಯಾಸ ನಮ್ಮ ಕಡೆ ಇದೆ. ಅದರ ಮೇಲೆ ಮಕ್ಕಳು ವರ್ಷಗಟ್ಟಲೆ ಓಡಾಡುತ್ತಾರೆ. ದಯವಿಟ್ಟು ಅದನ್ನು ತಡೆಯಿರಿ.

ಸಿಲಿಂಡರ್ ಹೊರಗೆ ಇರಬೇಕು, ನೆಟ್ಟಗೆ ನಿಂತಿರಬೇಕು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿಕೊಂಡು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದಿದ್ದರೆ ಸಾಲದು, ನೆಲದ ಮಟ್ಟದಲ್ಲೂ ಗಾಳಿ ಆಡಬೇಕು. ಸಿಲಿಂಡರಿನ ಕತ್ತಿನ ಪಟ್ಟಿಯ ಒಳಗಡೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ, ನೋಡಿದ್ದೀರಾ? ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ. ಅಂಕಿ ವರ್ಷದ್ದು. ಆ ತಾರೀಕಿಗೆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ. ದಾಟಿದ್ದರೆ ತೆಗೆದುಕೊಳ್ಳಬೇಡಿ. ಸೋರಿಕೆಗೆ 1906ಕ್ಕೆ ಫೋನ್ ಮಾಡಬಹುದು. ಇದನ್ನೆಲ್ಲ ಅಡುಗೆಯ ಅಕ್ಕನವರ ಜೊತೆ ಕೂತು ಹೇಳಿ. ಬೆಂಕಿಯ ಮುಂದೆ ದಿನವೂ ನಿಲ್ಲುವವರು ಅವರು.

ಕುಂಭಕೋಣದ ಹೆಸರು ಕೇಳಿರುತ್ತೀರಿ. 2004ರ ಜುಲೈ 16ರಂದು ತಮಿಳುನಾಡಿನ ಆ ಊರಿನ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆಮೇಲೆ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ ಆದೇಶ ಕೊಟ್ಟಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಅದನ್ನು ಬಳಸುವುದಕ್ಕೆ ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಕೊಡಬೇಕು ಅಂತ. ಹಾಗಾಗಿ "ನಿಮಗೇನಾಗುತ್ತೆ" ಅಂದವರಿಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ತರಬೇತಿ ಕೇಳಿದ್ದು ನಿಮ್ಮ ಅತಿಯಾಸೆ ಅಲ್ಲ. ನಿಮ್ಮ ಶಾಲೆಯ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯಾ, ಪಿನ್ ಎಲ್ಲಿದೆ, ನಾಳೆ ಹೋಗಿ ನೋಡಿ. ಎಷ್ಟೋ ಕಡೆ ಅದು ಎಚ್‌ಎಂ ರೂಮಿನ ಬೀರುವಿನ ಹಿಂದೆ ಇರುತ್ತದೆ.

ಕಾನೂನು ಪೂರ್ತಿ ನಿಮ್ಮ ಪರ ಇದೆ ಅಂತ ಸುಳ್ಳು ಧೈರ್ಯ ಹೇಳುವುದಿಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಶಾಲೆಗೆ ಬರುತ್ತಿರಲಿಲ್ಲ. ಶಿಕ್ಷಕರು ಕಾರ್ಮಿಕ ಕಾನೂನಿನ ಅರ್ಥದಲ್ಲಿ ಕೆಲಸಗಾರರಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿತ್ತು. ಕೆಲಸದ ಜಾಗದ ಸುರಕ್ಷತೆಗೆ 2020ರಲ್ಲಿ ಆದ ಹೊಸ ಸಂಹಿತೆ 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದೂ ಸರ್ಕಾರಿ ಕಚೇರಿಗಳನ್ನು ಹೊರಗಿಟ್ಟಿದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಮಳೆ ಬಿಸಿಲಿಗೆ ತಡೆಯುವ ಕಟ್ಟಡ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ ಇರಲೇಬೇಕು ಅನ್ನುತ್ತದೆ. ಆ ಕಟ್ಟಡದ ಕೆಳಗೆ ನೀವೂ ಇದ್ದೀರಿ. ಖಾಸಗಿ ಶಾಲೆಯ ಶಿಕ್ಷಕರು ಇದನ್ನು ಓದುತ್ತಿದ್ದರೆ, ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ವಿಮೆ) ಕಡಿತ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಬರೆಯುವ ವಿಷಯ. 200 ಪುಟದ ಒಂದು ನೋಟ್‌ಬುಕ್ ಸ್ಟಾಫ್ ರೂಮಿನಲ್ಲಿ ಇಡಿ. ತಾರೀಕು, ಜಾಗ, ಏನಾಯಿತು, ಯಾರು ನೋಡಿದರು, ಏನು ಮಾಡಿದೆವು. ಅಷ್ಟೇ. ಮೋಟಾರ್ ಸ್ವಿಚ್ ಮುಟ್ಟಿದಾಗ ಶಾಕ್ ಹೊಡೆಯಿತು, ಮೆಟ್ಟಿಲ ಮೇಲೆ ಒಬ್ಬರು ಜಾರಿದರು, ಪಕ್ಕದ ಆಲೆಮನೆಯ ಹೊಗೆ ಕ್ಲಾಸಿಗೆ ತುಂಬಿ ಕಣ್ಣುರಿ ಆಯಿತು, ಸೌದೆ ರಾಶಿಯಲ್ಲಿ ಕೊಳಕುಮಂಡಲ ಕಂಡಿತು, ಎಲ್ಲ ಬರೆಯಿರಿ. ಕಬ್ಬಿನ ಗದ್ದೆ ನಡುವಿನ ಶಾಲೆಯಲ್ಲಿ ಹಾವು ದೊಡ್ಡ ಮಾತೇನಲ್ಲ ಅನ್ನಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ತಿಂಗಳಾದ ಮೇಲೆ ಆ ನೋಟ್‌ಬುಕ್ ತಿರುವಿ ಹಾಕಿದರೆ ಒಂದೇ ಜಾಗದ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಮೊದಲು ರಿಪೇರಿ ಆಗಬೇಕಾದ್ದು ಅದು.

ನಿಮ್ಮ ಎಚ್‌ಎಂ ಹೆದರುವುದು ನನಗೆ ಅರ್ಥವಾಗುತ್ತದೆ. ಬರೆದರೆ ಸಮಜಾಯಿಷಿ ಕೇಳಬಹುದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅನ್ನಬಹುದು. ಆದರೆ ಬರೆಯದೆ ಇದ್ದು ನಾಳೆ ಮಗುವಿಗೆ ಪೆಟ್ಟಾದರೆ ಮೊದಲು ಹಿಡಿಯುವುದು ಅವರನ್ನೇ. ಬರೆದ ಕಾಗದ ಅವರಿಗೇ ರಕ್ಷಣೆ, ಹಾಗಂತ ಹೇಳಿ. ಒಬ್ಬರ ಹೆಸರಲ್ಲಿ ಬೇಡ. ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು, ನಡಾವಳಿಯಲ್ಲಿ ಬರೆಸಿ, ಎಚ್‌ಎಂ ಸಹಿಯಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ, ಗ್ರಾಮ ಪಂಚಾಯಿತಿ ಪಿಡಿಒಗೆ ಒಂದು ಪ್ರತಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಆ ಚಾವಣಿಯ ಬಗ್ಗೆ ಕೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಕಡೆ ನೋಡಿ, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪ್ರತಿ ವರ್ಷ ಶಾಲೆಯ ಮಾಹಿತಿಯನ್ನೆಲ್ಲ ಸರ್ಕಾರಕ್ಕೆ ಕೊಡುವ ಯುಡೈಸ್ ನಮೂನೆ ತುಂಬುತ್ತೀರಲ್ಲ, ಅದರಲ್ಲಿ ಎಷ್ಟು ಕೋಣೆ ಚೆನ್ನಾಗಿವೆ, ಎಷ್ಟಕ್ಕೆ ಸಣ್ಣ ರಿಪೇರಿ, ಎಷ್ಟಕ್ಕೆ ದೊಡ್ಡ ರಿಪೇರಿ ಬೇಕು ಅಂತ ಕಾಲಂ ಇದೆ. ಬಳಕೆಯಲ್ಲಿರುವ ಶೌಚಾಲಯ ಎಷ್ಟು ಅಂತಲೂ ಕೇಳುತ್ತಾರೆ. ಅವಸರದಲ್ಲಿ ಕಳೆದ ವರ್ಷದ ಅಂಕಿಯನ್ನೇ ಇಳಿಸಿಬಿಡುತ್ತಾರೆ. ನಿಮ್ಮ ಐದನೇ ಕ್ಲಾಸಿನ ಕೋಣೆ ಅಲ್ಲಿ ಚೆನ್ನಾಗಿದೆ ಅಂತಲೇ ಇದ್ದರೆ, ಮೇಲಿನವರ ಲೆಕ್ಕದಲ್ಲಿ ನಿಮ್ಮ ಶಾಲೆಗೆ ತೊಂದರೆಯೇ ಇಲ್ಲ.

ಒಂದು ಎಚ್ಚರಿಕೆ. ಕೋಪದಲ್ಲಿ ಚಾವಣಿಯ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ, ಪತ್ರಿಕೆಯವರಿಗೆ ಕೊಡಬೇಡಿ. ಸರ್ಕಾರಿ ನೌಕರರ ನಡತೆ ನಿಯಮ ನಿಮ್ಮ ಮೇಲೇ ತಿರುಗಬಹುದು. ಪೋಷಕರು ಮಾತಾಡಿದರೆ ಅದು ಅವರ ಹಕ್ಕು. ಅತಿಥಿ ಶಿಕ್ಷಕರ ಹೆಸರನ್ನು ಯಾವ ಅರ್ಜಿಯಲ್ಲೂ ಮುಂದೆ ಮಾಡಬೇಡಿ, ಅವರ ಕೆಲಸ ವರ್ಷ ವರ್ಷಕ್ಕೂ ತೂಗಾಡುತ್ತಿರುತ್ತದೆ. ಕಾಯಂ ಆಗಿರುವ ನೀವು ಸಹಿ ಹಾಕಿ, ಅವರ ಕಷ್ಟವನ್ನೂ ಅದರಲ್ಲೇ ಬರೆಯಿರಿ.

ವಾಕ್ ಶ್ರವಣ ಸಂಸ್ಥೆಗೆ ಹೋಗುವ ದಿನ ಪೂರ್ತಿ ರಜೆ ಹಾಕಿ, ಬೆಳಿಗ್ಗೆ ಬೇಗ ಬನ್ನಿ. ಪರೀಕ್ಷೆ, ಡಾಕ್ಟರು, ದನಿಯ ಅಳತೆ ಎಲ್ಲ ಮುಗಿಯುವಾಗ ಮಧ್ಯಾಹ್ನ ಕಳೆಯಬಹುದು. ವಾರದಲ್ಲಿ ಯಾವ ದಿನ ದನಿ ಹೇಗಿತ್ತು ಅಂತ ಎರಡು ವಾರದ್ದು ಬರೆದುಕೊಂಡು ಬನ್ನಿ. ಒಳಗೆ ಏನು ಕಂಡಿತು ಅಂತ ನನಗೆ ಬರೆಯಿರಿ, ಮುಂದಿನದ್ದು ಅದನ್ನು ನೋಡಿ ಹೇಳುತ್ತೇನೆ. ಅಷ್ಟರೊಳಗೆ ಆ ಐದನೇ ಕ್ಲಾಸಿನ ಕೋಣೆಗೆ ಬೀಗ ಬಿದ್ದಿರಲಿ, ಟಾಯ್ಲೆಟ್ಟಿಗೆ ಚಿಲಕ ಕೂತಿರಲಿ, ನಿಮ್ಮ ಟೇಬಲ್ ಮೇಲೆ ಒಂದು ನೀರಿನ ಬಾಟಲಿ ಇರಲಿ.